ನೆತ್ತರು: ಉಂಡವರೂ ಬಿಟ್ಟವರೂ ಕಂಡದ್ದು

1652ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಿಕೆ ಅಚ್ಚಾಯಿತು. ಹೆಸರು ‘ಬ್ಲ್ಯಾಕ್ ಪುಡಿಂಗ್‌ನ ವಿಚಾರಣೆ’. ಹಂದಿಯ ನೆತ್ತರಿಗೆ ಕೊಬ್ಬು, ಓಟ್ಸಿನ ನುಚ್ಚು, ಮಸಾಲೆ ಬೆರೆಸಿ ಕರುಳಿನಲ್ಲಿ ತುಂಬಿ ಬೇಯಿಸುವ ಕಪ್ಪು ಸಾಸೇಜೇ ಬ್ಲ್ಯಾಕ್ ಪುಡಿಂಗ್. ಕ್ರೈಸ್ತರಾದವರು ಅದನ್ನು ತಿನ್ನುವುದು ಧರ್ಮಕ್ಕೆ ವಿರುದ್ಧವೆಂದು ಬೈಬಲ್ಲಿನ ವಾಕ್ಯಗಳನ್ನು ಮುಂದಿಟ್ಟು ವಾದಿಸಿದ ಬರಹ ಅದು. ಇಂಗ್ಲೆಂಡ್ ಆಗಷ್ಟೇ ಅಂತರ್ಯುದ್ಧ ಕಂಡಿತ್ತು. ದೊರೆಯ ತಲೆ ಕಡಿದು ಮೂರು ವರ್ಷವಾಗಿತ್ತು. ಅಂಥ ಹೊತ್ತಿನಲ್ಲೂ ತಟ್ಟೆಯ ಮೇಲಿನ ಒಂದು ತುಂಡು ಸಾಸೇಜು ಜನರಿಗೆ ಗಂಭೀರ ಚರ್ಚೆಗೆ ತಕ್ಕ ವಿಷಯವಾಗಿ ಕಂಡಿತು. ಆ ಶತಮಾನದಲ್ಲೇ ಹುಟ್ಟಿ ಬೆಳೆದ ಐಸಾಕ್ ನ್ಯೂಟನ್ ಕೂಡ ಬ್ಲ್ಯಾಕ್ ಪುಡಿಂಗ್ ಮುಟ್ಟುತ್ತಿರಲಿಲ್ಲವೆಂದು ಅವನ ಬಂಧುಗಳು ನೆನೆದಿದ್ದಾರೆ. ಅದಕ್ಕೂ ಏಳು ಶತಮಾನಗಳ ಹಿಂದೆ, 886ರಿಂದ 912ರವರೆಗೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಬೈಜಾಂಟೈನ್ ಚಕ್ರವರ್ತಿ ಆರನೆಯ ಲಿಯೋ, ನೆತ್ತರಿನ ಅಡುಗೆಗೆ ಕಠಿಣ ಶಿಕ್ಷೆ ವಿಧಿಸುವ ಕಾನೂನನ್ನೇ ಹೊರಡಿಸಿದ್ದ. ಕಾನೂನು ಬೇಕಾಯಿತೆಂದರೆ ತಿನ್ನುವವರು ಸಾಕಷ್ಟಿದ್ದರು ಎಂದೇ ಅರ್ಥ.

ನೆತ್ತರಿನ ಅಡುಗೆಯ ಮಾತು ಬಂದಾಗ ಲೋಕವನ್ನು ತಿನ್ನುವವರು, ತಿನ್ನದವರು ಎಂದು ಎರಡು ಪಾಲು ಮಾಡಿಬಿಡುವುದು ವಾಡಿಕೆ. ಒಂದು ಕಡೆಯವರನ್ನು ಒರಟರೆಂದೂ ಇನ್ನೊಂದು ಕಡೆಯವರನ್ನು ನಾಗರಿಕರೆಂದೂ ಕರೆಯುವುದು ಅದರ ಮುಂದಿನ ಹೆಜ್ಜೆ. ಈ ವಿಂಗಡಣೆ ತಪ್ಪು ಎಂಬುದೇ ಈ ಲೇಖನದ ವಾದ. ಬೇರೆ ಬೇರೆ ಸೀಮೆಗಳ ಅಡುಗೆಯನ್ನೂ ಧರ್ಮನಿಯಮಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನೆತ್ತರನ್ನು ಬಿಟ್ಟವರೂ ಉಂಡವರೂ ಹೊರಟಿದ್ದು ಒಂದೇ ತಿಳಿವಳಿಕೆಯಿಂದ ಎಂಬುದು ಕಾಣುತ್ತದೆ: ನೆತ್ತರು ಎಂದರೆ ಜೀವ, ಅದನ್ನು ಮಿಕ್ಕ ಮಾಂಸದಂತೆ ಹಗುರವಾಗಿ ಕಾಣಬಾರದು. ಒಬ್ಬರು ಆ ತಿಳಿವಳಿಕೆಯನ್ನು ನಿಷೇಧವಾಗಿ ಕಟ್ಟಿದರು, ಇನ್ನೊಬ್ಬರು ಅಡುಗೆಯಾಗಿ ಕಟ್ಟಿದರು. ಈ ಎರಡೂ ದಾರಿಗೆ ಮರ್ಯಾದೆಯಿದೆ. ಮರ್ಯಾದೆಯಿಲ್ಲದ್ದು ಇತ್ತೀಚಿನ ಮೂರನೆಯ ದಾರಿ. ಅಲ್ಲಿ ಮಾಂಸ ಬೇಕು, ನೆತ್ತರು ಚರಂಡಿಗೆ ಹೋಗಬೇಕು, ಅದನ್ನು ತಿನ್ನುವವರನ್ನು ಕೀಳಾಗಿ ಕಾಣಬೇಕು.

ಮೊದಲು ಬಿಟ್ಟವರ ಕಡೆ ನೋಡೋಣ. ಯಹೂದ್ಯರ ಧರ್ಮಗ್ರಂಥದ ಯಾಜಕಕಾಂಡ ಹೇಳುವ ಕಾರಣ ಸ್ಪಷ್ಟವಾಗಿದೆ: ದೇಹದ ಪ್ರಾಣ ನೆತ್ತರಿನಲ್ಲಿದೆ, ಆದ್ದರಿಂದ ಅದು ಮನುಷ್ಯನ ಪಾಲಲ್ಲ. ಬೇಟೆಯಾಡಿದವನು ಪ್ರಾಣಿಯ ನೆತ್ತರನ್ನು ನೆಲಕ್ಕೆ ಸುರಿದು ಮಣ್ಣು ಮುಚ್ಚಬೇಕು ಎಂಬ ವಿಧಿಯೂ ಅಲ್ಲಿದೆ. ಹೆಚ್ಚುಕಡಿಮೆ ಅಂತ್ಯಸಂಸ್ಕಾರವೇ ಅದು. ಇಂದಿಗೂ ಸಂಪ್ರದಾಯಸ್ಥ ಯಹೂದಿ ಅಡುಗೆಮನೆಯಲ್ಲಿ ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒಂದು ಗಂಟೆ ಉಪ್ಪಿನಲ್ಲಿಟ್ಟು, ತೊಳೆದು, ಉಳಿದ ನೆತ್ತರನ್ನು ಹೊರತೆಗೆಯುತ್ತಾರೆ. ಲಿವರ್‌ನಲ್ಲಿ ನೆತ್ತರು ಹೆಚ್ಚೆಂದು ಅದನ್ನು ಕೆಂಡದ ಮೇಲೆ ಸುಡಲೇಬೇಕು. ಮೊಟ್ಟೆ ಒಡೆದಾಗ ಒಂದು ನೆತ್ತರ ಚುಕ್ಕೆ ಕಂಡರೆ ಅದನ್ನು ಬಿಸಾಡುವುದು ರೂಢಿ. ಕುರ್‌ಆನ್ ನಿಷೇಧಿಸುವುದು ಹರಿಯುವ ನೆತ್ತರನ್ನು. ಜಬಹ್ ವಿಧಿಯಂತೆ ಸರಿಯಾಗಿ ಕೊಯ್ದ ಮೇಲೆ ಮಾಂಸದ ಎಳೆಗಳಲ್ಲಿ ಉಳಿದದ್ದಕ್ಕೆ ಅಡ್ಡಿಯಿಲ್ಲ, ಲಿವರೂ ಗುಲ್ಮವೂ ಸಲ್ಲುತ್ತವೆ. ನಮ್ಮ ವೈದಿಕ ಪರಂಪರೆಯೂ ನೆತ್ತರನ್ನು ಬೇರೆಯಾಗಿಯೇ ಕಂಡಿತು. ಯಜ್ಞದ ಪಶುವಿನ ನೆತ್ತರನ್ನು ಐತರೇಯ ಬ್ರಾಹ್ಮಣ ರಾಕ್ಷಸರ ಪಾಲಿಗೆ ಬಿಡುತ್ತದೆ. ಮಾರಿಯ ಗುಡಿಯ ಮುಂದಿನ ಬಲಿಯಲ್ಲಿ ಅದು ದೇವಿಯ ಪಾಲು, ಮಾಂಸ ಭಕ್ತರ ಪಾಲು. ಹೀಗೆ ನೆತ್ತರನ್ನು ನೆಲಕ್ಕೋ ದೇವರಿಗೋ ರಾಕ್ಷಸರಿಗೋ ಬಿಟ್ಟ ಈ ನಿಯಮಗಳಲ್ಲಿ ಯಾವುದೂ ಅದನ್ನು ಕೊಳಕು ಎಂಬ ಒಂದೇ ಕಾರಣಕ್ಕೆ ದೂರವಿಟ್ಟಿಲ್ಲ. ಅದರ ಬೆಲೆ ದೊಡ್ಡದೆಂದು ದೂರವಿಟ್ಟಿವೆ.

ಕ್ರೈಸ್ತರ ಇತಿಹಾಸ ಇನ್ನೂ ಕುತೂಹಲಕರ, ಏಕೆಂದರೆ ಅಲ್ಲಿ ಒಂದೇ ಧರ್ಮ ಎರಡೂ ದಾರಿ ಹಿಡಿಯಿತು. ಯೇಸುವಿನ ಶಿಷ್ಯರು ಜೆರುಸಲೇಮಿನಲ್ಲಿ ಸೇರಿದಾಗ, ಯಹೂದಿಯೇತರರಾಗಿದ್ದು ಕ್ರೈಸ್ತರಾದವರು ನೆತ್ತರಿನಿಂದ ದೂರವಿರಬೇಕೆಂದು ತೀರ್ಮಾನಿಸಿದರು. ಪೂರ್ವದ ಆರ್ಥೊಡಾಕ್ಸ್ ಚರ್ಚು ಆ ನಿಯಮವನ್ನು ಉಳಿಸಿಕೊಂಡಿತು; ಲಿಯೋನ ಕಾನೂನು ಹುಟ್ಟಿದ್ದು ಅಲ್ಲಿಂದ. ಪಶ್ಚಿಮದಲ್ಲಿ ಅದು ಮೆಲ್ಲಗೆ ಸಡಿಲವಾಯಿತು. ಯಹೂದ್ಯರೂ ಇತರರೂ ಒಂದೇ ಸಭೆಯಾಗಿ ಕೂಡಲೆಂದು ಆ ಕಾಲಕ್ಕಷ್ಟೇ ಮಾಡಿದ ನಿಯಮ ಅದು, ಈಗ ಅದರ ಅಗತ್ಯ ಮುಗಿದಿದೆ ಎಂದು 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ವಿಧ್ಯುಕ್ತವಾಗಿ ಸಾರಿತು. ಎರಡು ಶತಮಾನಗಳ ನಂತರ ಲಂಡನ್ನಿನ ಪುಸ್ತಿಕೆ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ಇಪ್ಪತ್ತನೆಯ ಶತಮಾನದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥ ಅದೇ ವಾಕ್ಯಗಳನ್ನು ಆಧರಿಸಿ ಆಸ್ಪತ್ರೆಯಲ್ಲಿ ರಕ್ತ ಏರಿಸಿಕೊಳ್ಳುವುದನ್ನೂ ನಿರಾಕರಿಸಿತು. ಒಂದು ಅಡುಗೆಯ ನಿಯಮ ಎರಡು ಸಾವಿರ ವರ್ಷ ಬದುಕಿ ಶಸ್ತ್ರಚಿಕಿತ್ಸೆಯ ಕೋಣೆಗೂ ಬಂದು ತಲುಪಿತೆಂದರೆ, ಅದರ ಬೇರು ಬರೀ ನಾಲಿಗೆಯ ಅಭಿರುಚಿಯಲ್ಲಿ ಇರಲಾರದು.

ಇನ್ನು ಉಂಡವರು. ಹೋಮರನ ‘ಒಡಿಸ್ಸಿ’ಯಲ್ಲಿ ಕೊಬ್ಬು, ನೆತ್ತರು ತುಂಬಿದ ಆಡಿನ ಜಠರ ಬೆಂಕಿಯ ಮೇಲೆ ಬೇಯುತ್ತದೆ, ಮುಷ್ಟಿಕಾಳಗದಲ್ಲಿ ಗೆದ್ದವನಿಗೆ ಅದೇ ಬಹುಮಾನ. ಸ್ಪಾರ್ಟಾದ ಸೈನಿಕರ ಪಂಕ್ತಿಯ ಕರಿ ಸಾರು ಹಂದಿಮಾಂಸ, ನೆತ್ತರು, ಉಪ್ಪು, ವಿನಿಗರ್ ಕೂಡಿಸಿ ಮಾಡಿದ್ದೆಂದು ಪ್ರಸಿದ್ಧಿ. ಇಂದು ಸ್ಪೇನಿನ ಬುರ್ಗೋಸ್ ಊರಿನವರು ನೆತ್ತರಿಗೆ ಅಕ್ಕಿ, ಈರುಳ್ಳಿ ಸೇರಿಸಿ ‘ಮೊರ್ಸಿಯ’ ಮಾಡುತ್ತಾರೆ. ಸ್ಕಾಟ್ಲೆಂಡಿನ ಸ್ಟೋರ್ನೊವೇ ಊರಿನ ಬ್ಲ್ಯಾಕ್ ಪುಡಿಂಗ್‌ಗೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ಸಿಕ್ಕಿತು, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಸಿಕ್ಕ ಹಾಗೆ. ಎಸ್ಟೋನಿಯಾದಲ್ಲಿ ಕ್ರಿಸ್‌ಮಸ್ ಊಟಕ್ಕೆ ನೆತ್ತರಿನ ಸಾಸೇಜು ಇರಲೇಬೇಕು. ಫಿನ್ಲೆಂಡಿನ ಟಾಂಪೆರೆ ನಗರದ ಸಂತೆಯಲ್ಲಿ ಕಪ್ಪು ಸಾಸೇಜನ್ನು ಹುಳಿಹಣ್ಣಿನ ಜಾಮಿನೊಂದಿಗೆ ತಿಂದು ಮೇಲೆ ಹಾಲು ಕುಡಿಯುತ್ತಾರೆ. ಚೀನಾದ ನಾನ್‌ಜಿಂಗ್‌ನಲ್ಲಿ ಬಾತುಕೋಳಿಯ ನೆತ್ತರು ಮತ್ತು ಶ್ಯಾವಿಗೆಯ ಸಾರು, ತೈವಾನಿನಲ್ಲಿ ಅಕ್ಕಿ ಸೇರಿಸಿದ ನೆತ್ತರಿನ ಕಡುಬು, ಕೊರಿಯಾದಲ್ಲಿ ಕುಡಿತದ ಮರುದಿನ ಬೆಳಿಗ್ಗೆ ಹೆಪ್ಪುಗಟ್ಟಿದ ನೆತ್ತರಿನ ಸಾರು, ಮೇಘಾಲಯದ ಖಾಸಿ ಮನೆಗಳಲ್ಲಿ ನೆತ್ತರಿನಲ್ಲಿ ಬೇಯಿಸಿದ ಅನ್ನ ‘ಜಾದೋಹ್’, ಟಿಬೆಟನ್ನರಲ್ಲಿ ‘ಗ್ಯುಮಾ’ ಎಂಬ ಸಾಸೇಜು. ಫಿಲಿಪ್ಪೀನ್ಸಿನ ‘ದಿನುಗುವಾನ್’ ಹೆಸರು ಅಲ್ಲಿಯ ಮಾತಿನ ನೆತ್ತರು ಎಂಬ ಪದದಿಂದಲೇ ಬಂದಿದೆ. ಜೊತೆಗೆ ಬರುವುದು ಹಬೆಯಲ್ಲಿ ಬೆಂದ ‘ಪುಟೊ’, ನಮ್ಮ ಇಡ್ಲಿಯ ದೂರದ ನೆಂಟ. ಮಂಗಳೂರು, ಗೋವೆಗಳ ಕ್ರೈಸ್ತ ಮನೆಗಳಲ್ಲಿ ಪೋರ್ಚುಗೀಸರಿಂದ ಬಂದ ಹಂದಿಮಾಂಸದ ಅಡುಗೆ ಸೋರ್ಪೊತೆಲ್‌ಗೆ ಜೊತೆ ಸನ್ನ ಎಂಬ ಅಕ್ಕಿಯ ಕಡುಬು. ಆ ಹಳೆಯ ಪಾಕದಲ್ಲಿ ನೆತ್ತರಿಗೆ ಜಾಗವಿತ್ತು. ಈಗ ಅನೇಕರು ಬಿಟ್ಟೇ ಮಾಡುತ್ತಾರೆ. ಹಳೇ ಮೈಸೂರು ಸೀಮೆಯಲ್ಲಿ ಮರಿ ಕಡಿದ ದಿನ ನೆತ್ತರನ್ನು ಪಾತ್ರೆಗೆ ಹಿಡಿದು, ಹೆಪ್ಪಾದ ಮೇಲೆ ಬೇಯಿಸಿ, ಪುಡಿ ಮಾಡಿ, ಈರುಳ್ಳಿ, ಹಸಿಮೆಣಸಿನಕಾಯಿ, ತೆಂಗಿನತುರಿ ಹಾಕಿ ಹುರಿದರೆ ಅದು ರಕ್ತದ ಪಲ್ಯ.

ಈ ಅಡುಗೆಗಳು ಹುಟ್ಟಿದ ಬಗೆಯನ್ನು ಗಮನಿಸಿದರೆ ‘ಒರಟು’ ಎಂಬ ಮಾತು ನಿಲ್ಲುವುದಿಲ್ಲ. ನೆತ್ತರು ಕಾಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ, ಮಾಂಸಕ್ಕಿಂತ ಮೊದಲು ಕೆಡುತ್ತದೆ. ಹಾಗಾಗಿ ಕಡಿಯುವವರ ಪಕ್ಕದಲ್ಲೇ ಒಬ್ಬರು ಪಾತ್ರೆ ಹಿಡಿದು, ಬಿಡದೆ ಕಲಕುತ್ತ ನಿಲ್ಲಬೇಕು. ಯೂರೋಪಿನ ಹಳ್ಳಿಗಳಲ್ಲಿ ಆ ಕೆಲಸ ಬಹುಮಟ್ಟಿಗೆ ಹೆಂಗಸರದಾಗಿತ್ತು. ನೆತ್ತರಿನಲ್ಲಿರುವ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಬಿಸಿಗೆ ಗಟ್ಟಿಯಾಗುತ್ತದೆ. ಉರಿ ಹೆಚ್ಚಾದರೆ ಕರುಳಿನ ಚೀಲ ಒಡೆಯುತ್ತದೆ, ಕಡಿಮೆಯಾದರೆ ಒಳಗೆ ಹಸಿ ಉಳಿಯುತ್ತದೆ. ಕೈ ಪಳಗಿರಬೇಕು. ಬೇಗ ಮುಗಿಯಬೇಕಾದ ಅಡುಗೆಯಾದ್ದರಿಂದ ನೆರೆಹೊರೆಗೆ ಹಂಚಲೇಬೇಕು. ಸ್ಪೇನಿನ ಚಳಿಗಾಲದ ಹಂದಿ ಕಡಿಯುವ ಹಬ್ಬ ಊರಿನವರನ್ನೆಲ್ಲ ಒಂದೆಡೆ ತರುತ್ತಿದ್ದುದರ ಒಂದು ಕಾರಣ ಇದು. ನಮ್ಮ ಮಂಡ್ಯ, ಮೈಸೂರು ಕಡೆಯ ಗುಡ್ಡೆ ಮಾಂಸದ ಪದ್ಧತಿಯಲ್ಲೂ ಇದೇ ನ್ಯಾಯ ಕಾಣುತ್ತದೆ. ಹತ್ತಾರು ಮನೆಯವರು ಸೇರಿ ಕಡಿದ ಮರಿಯ ಮಾಂಸ, ಲಿವರ್, ಬೋಟಿ ಪ್ರತಿ ಗುಡ್ಡೆಗೂ ಸಮನಾಗಿ ಬೀಳಬೇಕು. ಒಳ್ಳೆಯದು ಒಬ್ಬರಿಗೆ, ಉಳಿದದ್ದು ಇನ್ನೊಬ್ಬರಿಗೆ ಎಂಬುದಿಲ್ಲ. ಒಂದು ಜೀವ ಹೋಯಿತೆಂದ ಮೇಲೆ ಅದರ ಯಾವ ಭಾಗವೂ ವ್ಯರ್ಥವಾಗಬಾರದು ಎಂಬುದು ಈ ಎಲ್ಲ ಅಡುಗೆಗಳ ಹಿಂದಿರುವ ನೀತಿ.

ಉಣ್ಣುವವರು ಕೂಡ ನೆತ್ತರನ್ನು ಹಗುರವಾಗಿ ಕಂಡಿಲ್ಲ ಎನ್ನಲು ಅವರ ಮಾತುಗಳೇ ಸಾಕ್ಷಿ. ಇಂಗ್ಲಿಷಿನ ‘ಬ್ಲ್ಯಾಕ್’ ಪುಡಿಂಗ್, ಫ್ರೆಂಚಿನ ‘ಬೂದ್ಯಾಂ ನ್ವಾರ್’, ಫಿನ್ನಿಶ್‌ನ ‘ಮುಸ್ತಮಕ್ಕಾರ’, ಪೋಲಿಶ್‌ನ ‘ಚೆರ್ನಿನಾ’ ಇವೆಲ್ಲ ‘ಕಪ್ಪು’ ಎಂದು ಹೇಳುತ್ತವೆ, ‘ನೆತ್ತರು’ ಎನ್ನುವುದಿಲ್ಲ. ಬೇಯುವಾಗ ಕೆಂಪು ಕಪ್ಪಾಗುವುದರಿಂದ ಹುಟ್ಟಿದ ಈ ಹೆಸರುಗಳು ಒಂದು ಸಂಕೋಚದ ಪರದೆಯನ್ನೂ ಹಿಡಿಯುತ್ತವೆ. ಪೋಲೆಂಡಿನಲ್ಲಿ ಹಿಂದೆ ಹೆಣ್ಣು ಕೇಳಲು ಬಂದ ಗಂಡಿಗೆ ಬಾತುಕೋಳಿ ನೆತ್ತರಿನ ಚೆರ್ನಿನಾ ಬಡಿಸಿದರೆ ‘ಈ ಸಂಬಂಧ ಬೇಡ’ ಎಂದು ಅರ್ಥವಾಗಿತ್ತು. ಕವಿ ಮಿತ್ಸ್ಕಿಯೆವಿಚ್‌ನ 1834ರ ‘ಪಾನ್ ತದೇವುಷ್’ ಕಾವ್ಯದಲ್ಲಿ ಈ ಪದ್ಧತಿ ದಾಖಲಾಗಿದೆ. ಪೂರ್ವ ಆಫ್ರಿಕಾದ ಮಸಾಯಿ ದನಗಾಹಿಗಳದು ಇನ್ನೂ ಗಾಢವಾದ ನಿದರ್ಶನ. ತುದಿಯ ಬಳಿ ತಡೆ ಕಟ್ಟಿದ ಗಿಡ್ಡ ಬಾಣದಿಂದ ದನದ ಕತ್ತಿನ ರಕ್ತನಾಳಕ್ಕೆ ಹೊಡೆದು, ಬೇಕಾದಷ್ಟೇ ನೆತ್ತರನ್ನು ಸೋರೆಬುರುಡೆಗೆ ಹಿಡಿದು, ಗಾಯ ಮುಚ್ಚಿ ದನವನ್ನು ಮಂದೆಗೆ ಬಿಡುತ್ತಾರೆ. ಹಾಲಿನಲ್ಲಿ ಬೆರೆಸಿದ ಆ ನೆತ್ತರು ಬಾಣಂತಿಯರಿಗೂ ಕಾಯಿಲೆಯವರಿಗೂ ಶಕ್ತಿ ಕೊಡುವ ಆಹಾರ. ಅಲ್ಲಿ ನೆತ್ತರು ಉಣ್ಣುವುದು ಪ್ರಾಣಿಯನ್ನು ಕೊಲ್ಲದೆ ಉಳಿಸಿಕೊಳ್ಳುವ ದಾರಿ. ಜೀವ ನೆತ್ತರಿನಲ್ಲಿದೆ ಎಂಬ ಯಾಜಕಕಾಂಡದ ಮಾತನ್ನು ಮಸಾಯಿ ದನಗಾಹಿಯೂ ಒಪ್ಪಿಯಾನು. ಅದರಿಂದ ಅವನು ಹೊರಡಿಸುವ ತೀರ್ಮಾನ ಮಾತ್ರ ಬೇರೆ.

ಹಾಗಿದ್ದರೆ ತಿರಸ್ಕಾರ ಎಲ್ಲಿಂದ ಬಂತು? ನೆತ್ತರು ತಿನ್ನುವವರು ಎಂಬ ಮಾತು ಅಡುಗೆಯ ವಿವರಣೆಯಾಗಿ ಇದ್ದುದಕ್ಕಿಂತ ಬೈಗುಳವಾಗಿ, ಆರೋಪವಾಗಿ ಬಳಕೆಯಾದದ್ದೇ ಹೆಚ್ಚು. ಇದರ ಅತ್ಯಂತ ಕ್ರೂರ ಉದಾಹರಣೆ ಯೂರೋಪಿನ ಯಹೂದ್ಯರ ಮೇಲಿನ ಅಪವಾದ. ಮೊಟ್ಟೆಯ ನೆತ್ತರ ಚುಕ್ಕೆಗೂ ಹೆದರುವ ಜನರ ಮೇಲೆ, ಕ್ರೈಸ್ತ ಮಕ್ಕಳ ನೆತ್ತರನ್ನು ಹಬ್ಬದ ರೊಟ್ಟಿಗೆ ಬೆರೆಸುತ್ತಾರೆಂಬ ಸುಳ್ಳನ್ನು ಶತಮಾನಗಳ ಕಾಲ ಹೊರಿಸಲಾಯಿತು. ಹೊರಿಸಿದವರಲ್ಲಿ ಅನೇಕರ ಮನೆಯ ಅಟ್ಟದಲ್ಲಿ ನೆತ್ತರಿನ ಸಾಸೇಜು ತೂಗುತ್ತಿತ್ತು. 1475ರಲ್ಲಿ ಇಟಲಿಯ ಟ್ರೆಂಟೊದಲ್ಲಿ ಒಂದು ಮಗುವಿನ ಸಾವಿಗೆ ಅಲ್ಲಿಯ ಯಹೂದ್ಯರನ್ನು ಹೊಣೆ ಮಾಡಿ, ಚಿತ್ರಹಿಂಸೆ ಕೊಟ್ಟು ಒಪ್ಪಿಸಿ, ಹಲವರನ್ನು ಕೊಂದರು. ಕ್ಯಾಥೊಲಿಕ್ ಚರ್ಚು ಆ ಮಗುವಿನ ಆರಾಧನೆಯನ್ನು ನಿಲ್ಲಿಸಿದ್ದು 1965ರಲ್ಲಿ. ನಮ್ಮಲ್ಲಿ ಈ ತಿರಸ್ಕಾರ ಜಾತಿಯ ಹಾದಿಯಲ್ಲಿ ಬಂತು. ಮರಾಠವಾಡದ ದಲಿತ ಕೇರಿಗಳ ಊಟವನ್ನು ದಾಖಲಿಸಿದ ಶಾಹು ಪಾಟೋಳೆಯವರು 2015ರ ತಮ್ಮ ಮರಾಠಿ ಪುಸ್ತಕಕ್ಕೆ ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂದು ಹೆಸರಿಟ್ಟರು. ಅನ್ನವೇ ಪೂರ್ಣಬ್ರಹ್ಮ ಎಂಬ ನಾಣ್ನುಡಿಗೆ ಅದು ಉತ್ತರ. ನೆತ್ತರು, ಕರುಳು, ಒಣಗಿಸಿದ ಮಾಂಸದ ಅಡುಗೆಗಳಿಗೆ ಪಾಕಶಾಸ್ತ್ರದ ಪುಸ್ತಕಗಳಲ್ಲಿ ಜಾಗವೇ ಇರಲಿಲ್ಲ ಎಂಬ ನೋವು ಆ ಹೆಸರಿನಲ್ಲಿದೆ. ಮಾಂಸದ ಒಳ್ಳೆಯ ತುಂಡುಗಳು ಉಳ್ಳವರ ಮನೆಗೆ ಹೋದಾಗ ಮಿಕ್ಕದ್ದನ್ನು ರುಚಿಯಾಗಿಸಿಕೊಂಡ ಕೈಗಳು ಇವು. ಆ ಜಾಣ್ಮೆಯನ್ನು ಹೀನವೆಂದು ಕರೆದದ್ದು ಹಂಚಿಕೆಯ ಅನ್ಯಾಯವನ್ನು ಮುಚ್ಚುವ ಉಪಾಯ.

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಅಸಹ್ಯ ಸಹಜವಲ್ಲವೇ ಎಂಬುದು. ನೆತ್ತರು ಗಾಯವನ್ನೂ ಸಾವನ್ನೂ ನೆನಪಿಸುತ್ತದೆ, ಅದನ್ನು ಕಂಡರೆ ಮೈ ಜುಮ್ಮೆನ್ನುವುದು ಸುಳ್ಳಲ್ಲ. ಅಸಹ್ಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್, ನಾವೂ ಪ್ರಾಣಿಗಳೇ ಎಂಬುದನ್ನು ನೆನಪಿಸುವ ವಸ್ತುಗಳ ಬಗ್ಗೆ ಮನುಷ್ಯನಿಗೆ ಹೇವರಿಕೆ ಹೆಚ್ಚು ಎಂದು ತೋರಿಸಿದರು. ಹಸುಳೆಗಳಲ್ಲಿ ಅಸಹ್ಯ ಇರುವುದಿಲ್ಲ, ಅದು ಬೆಳೆಯುತ್ತ ಕಲಿಯುವಂಥದ್ದು ಎಂಬುದನ್ನೂ ಅವರ ಕೆಲಸ ಎತ್ತಿ ಹೇಳುತ್ತದೆ. ಟಾಂಪೆರೆಯ ಮಗುವಿಗೆ ಕಪ್ಪು ಸಾಸೇಜು ಸಂತೆಯ ತಿಂಡಿ; ಅದೇ ಮಗು ಬೇರೆ ಊರಿನಲ್ಲಿ ಬೆಳೆದಿದ್ದರೆ ಮುಖ ತಿರುಗಿಸುತ್ತಿತ್ತು. ತಿನ್ನಲಾರೆ ಎನ್ನುವ ಹಕ್ಕು ಎಲ್ಲರಿಗೂ ಇದೆ. ತನ್ನ ಹೇವರಿಕೆಯನ್ನು ಇನ್ನೊಬ್ಬರ ಗುಣ ಅಳೆಯುವ ಕೋಲು ಮಾಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಎರಡನೆಯದು ಆರೋಗ್ಯದ ಆಕ್ಷೇಪ, ಮತ್ತು ಇದರಲ್ಲಿ ಹುರುಳಿದೆ. ವಿಯೆಟ್ನಾಮಿನಲ್ಲಿ ‘ತಿಯೆತ್ ಕಾನ್’ ಎಂಬ ಹಸಿ ನೆತ್ತರಿನ ಖಾದ್ಯ ತಿಂದವರಲ್ಲಿ ಹಂದಿಯಿಂದ ಬರುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಸೋಂಕು ತಗುಲಿ, ಮೆದುಳಿನ ಪೊರೆಗೆ ಉರಿಯೂತವಾಗಿ, ಕಿವುಡುತನ, ಸಾವು ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ನೇಪಲ್ಸಿನಲ್ಲಿ ಕಾರ್ನಿವಲ್ ಹಬ್ಬಕ್ಕೆ ಹಂದಿಯ ನೆತ್ತರು, ಚಾಕೊಲೇಟು ಸೇರಿಸಿ ಮಾಡುತ್ತಿದ್ದ ‘ಸಾಂಗ್ವಿನಾಚೊ’ ಸಿಹಿ, 1992ರಲ್ಲಿ ನೆತ್ತರಿನ ಮಾರಾಟ ನಿಂತ ಮೇಲೆ ನೆತ್ತರಿಲ್ಲದ ಚಾಕೊಲೇಟ್ ಕ್ರೀಮ್ ಆಗಿ ಉಳಿಯಿತು. ಈ ಎಚ್ಚರಿಕೆಗಳು ಹಸಿತನದ ವಿರುದ್ಧ, ತಪಾಸಣೆಯಿಲ್ಲದ ಕಸಾಯಿಖಾನೆಯ ವಿರುದ್ಧ. ಆರೋಗ್ಯವಂತ ಪ್ರಾಣಿಯ ನೆತ್ತರನ್ನು ಶುಚಿಯಾಗಿ ಹಿಡಿದು ಪೂರ್ತಿ ಬೇಯಿಸಿದರೆ ಅದು ಸತ್ತ್ವದ ಆಹಾರ: ದೇಹ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣಾಂಶ ಅದರಲ್ಲಿ ಹೇರಳ. ಮಕ್ಕಳ ರಕ್ತಹೀನತೆಯೊಂದಿಗೆ ಹೋರಾಡುತ್ತಿರುವ ಪೆರು ದೇಶ, ಕೋಳಿಯ ನೆತ್ತರನ್ನು ಬೇಯಿಸಿ ಈರುಳ್ಳಿಯೊಂದಿಗೆ ಹುರಿದ ‘ಸಾಂಗ್ರೆಸಿತಾ’ವನ್ನು ಸರ್ಕಾರಿ ಆರೋಗ್ಯ ಪ್ರಚಾರದಲ್ಲೇ ಸೇರಿಸಿಕೊಂಡಿದೆ. ಅದು ನಮ್ಮ ರಕ್ತದ ಪಲ್ಯಕ್ಕೆ ತೀರ ಹತ್ತಿರದ ಅಡುಗೆ. ಬಡವರ ತಟ್ಟೆಯಲ್ಲಿದ್ದ ವಸ್ತುವನ್ನು ಅಲ್ಲಿಯ ಸರ್ಕಾರ ನಾಚಿಕೆಯಿಲ್ಲದೆ ಶಿಫಾರಸು ಮಾಡಿತು. ಭಾರತದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿತ್ತು. ನೆತ್ತರಿನ ಅಡುಗೆಯೊಂದೇ ಇದಕ್ಕೆ ಮದ್ದು ಎನ್ನುವುದು ಅತಿಯಾದೀತು. ಆದರೆ ಅದನ್ನು ತಲೆಮಾರುಗಳಿಂದ ತಿನ್ನುತ್ತ ಬಂದ ಮನೆಗಳು ನಾಚಿಕೆಯಿಂದ ಬಿಟ್ಟುಬಿಡುವಂತೆ ಮಾಡುವುದು ನಷ್ಟವೇ.

ಮೂರನೆಯ ಆಕ್ಷೇಪ ಸಸ್ಯಾಹಾರಿಗಳದು: ಪ್ರಾಣಿಯನ್ನೇ ಕೊಲ್ಲಬಾರದು ಎನ್ನುವಾಗ ನೆತ್ತರಿನ ಮಾತೇಕೆ? ಅದು ಪೂರ್ಣವಾದ ನಿಲುವು, ಗೌರವಕ್ಕೆ ಅರ್ಹವಾದದ್ದು. ಆದರೆ ಆ ನಿಲುವು ಮಾಂಸಕ್ಕೂ ನೆತ್ತರಿಗೂ ಭೇದ ಮಾಡುವುದಿಲ್ಲ. ಚಿಕನ್ ಕಬಾಬ್ ತಿಂದು ರಕ್ತದ ಪಲ್ಯಕ್ಕೆ ಮುಖ ಸಿಂಡರಿಸುವವರು ಸಸ್ಯಾಹಾರಿಯ ಕರುಣೆಯನ್ನು ಎರವಲು ಪಡೆಯಲಾರರು. ಪಲ್ಯಕ್ಕಾಗಿ ಇನ್ನೊಂದು ಪ್ರಾಣಿ ಸಾಯುವುದಿಲ್ಲ. ನಾಲ್ಕನೆಯದು ಧರ್ಮದ ಆಕ್ಷೇಪ. ನಿಷೇಧವನ್ನು ಪಾಲಿಸುವವರಿಗೆ ಅದು ಪವಿತ್ರ, ಅದನ್ನು ಯಾರೂ ಹಂಗಿಸಬಾರದು. ಫಿಲಿಪ್ಪೀನ್ಸಿನಲ್ಲಿ ದಿನುಗುವಾನ್ ರಾಷ್ಟ್ರೀಯ ಅಭಿಮಾನದ ಅಡುಗೆಯಾಗಿದ್ದರೂ ‘ಇಗ್ಲೇಸಿಯ ನಿ ಕ್ರಿಸ್ಟೊ’ ಚರ್ಚಿನವರೂ ಮುಸ್ಲಿಮರೂ ಅದನ್ನು ಮುಟ್ಟುವುದಿಲ್ಲ, ದೇಶ ನಡೆದಿದೆ. ಇಲ್ಲಿ ಆಗಬೇಕಾದ ಕೆಲಸ ಒಂದಿದೆ. ಒಣಗಿಸಿದ ನೆತ್ತರಿನ ಪ್ಲಾಸ್ಮಾ ಪುಡಿ ಇಂದು ಹಲವೆಡೆ ಸಂಸ್ಕರಿಸಿದ ಮಾಂಸದ ತಿನಿಸುಗಳಲ್ಲಿ ಹಿಡಿತಕ್ಕಾಗಿ ಸೇರುತ್ತದೆ. ಅದನ್ನು ಪೊಟ್ಟಣದ ಮೇಲೆ ದೊಡ್ಡಕ್ಷರದಲ್ಲಿ ಹೇಳಬೇಕು. ಬಿಟ್ಟವರಿಗೆ ತಿಳಿಯದಂತೆ ತಿನ್ನಿಸುವುದು, ಉಂಡವರನ್ನು ಹಳಿಯುವಷ್ಟೇ ಅಗೌರವ.

ಇನ್ನು ಉಳಿದದ್ದು ಆ ಮೂರನೆಯ ದಾರಿ. ಪ್ರಾಣಿಯ ತೂಕದಲ್ಲಿ ನೂರಕ್ಕೆ ಸುಮಾರು ಏಳು ಪಾಲು ನೆತ್ತರು. ಕಡಿದಾಗ ಅದರ ಅರ್ಧದಷ್ಟು ಹೊರಬರುತ್ತದೆ. ದೊಡ್ಡ ಕಸಾಯಿಖಾನೆಯಲ್ಲಿ ಅದು ದಿನಕ್ಕೆ ಸಾವಿರಾರು ಲೀಟರ್. ಚರಂಡಿ ಸೇರಿದರೆ ಕೆರೆ, ಹೊಳೆಗಳ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ತಿನ್ನದ ಸಮುದಾಯಗಳ ನಡುವೆಯೂ ಇದಕ್ಕೆ ಮರ್ಯಾದೆಯ ದಾರಿಯಿದೆ. ಒಣಗಿಸಿ ಪುಡಿ ಮಾಡಿದ ನೆತ್ತರಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ಸಾರಜನಕವಿರುವುದರಿಂದ ಅದು ಒಳ್ಳೆಯ ಗೊಬ್ಬರ. ನೆತ್ತರನ್ನು ನೆಲಕ್ಕೆ ಸುರಿದು ಮಣ್ಣು ಮುಚ್ಚು ಎಂಬ ಹಳೆಯ ವಿಧಿಗೆ ಇದಕ್ಕಿಂತ ಹತ್ತಿರದ ಆಧುನಿಕ ರೂಪ ಸಿಕ್ಕದು.

ಕನ್ನಡದಲ್ಲಿ ಬಡವನನ್ನು ಸುಲಿಯುವ ಲೇವಾದೇವಿಗಾರನಿಗೆ ನೆತ್ತರು ಹೀರುವವನು ಎನ್ನುತ್ತೇವೆ; ಒಡಹುಟ್ಟಿದವರನ್ನು ನೆತ್ತರು ಹಂಚಿಕೊಂಡವರು ಎನ್ನುತ್ತೇವೆ. ಅತಿ ಕೆಟ್ಟದ್ದಕ್ಕೂ ಅತಿ ಹತ್ತಿರದ್ದಕ್ಕೂ ಒಂದೇ ಮಾತು. ನೆತ್ತರು ಸಾಮಾನ್ಯ ವಸ್ತುವಲ್ಲವೆಂಬ ತಿಳಿವು ನಮ್ಮ ನುಡಿಯಲ್ಲೇ ಇದೆ. ಆ ತಿಳಿವಿನಿಂದ ಅದನ್ನು ಮಣ್ಣಿಗೆ ಬಿಟ್ಟವರು ಸರಿ. ಆ ತಿಳಿವಿನಿಂದ ಅದನ್ನು ಪಾತ್ರೆಯಲ್ಲಿ ಹಿಡಿದು ಬೇಯಿಸಿ ನೆರೆಮನೆಗೂ ಒಂದು ಬಟ್ಟಲು ಕೊಟ್ಟವರೂ ಸರಿ. ಮುಂದಿನ ಸಲ ಯಾರದೋ ತಟ್ಟೆಯ ರಕ್ತದ ಪಲ್ಯವನ್ನು ಕಂಡಾಗ ಬೇಡವೆಂದು ಹೇಳುವ ಸ್ವಾತಂತ್ರ್ಯ ನಿಮಗಿದೆ. ಆದರೆ ಮೂಗು ಮುಚ್ಚಿಕೊಳ್ಳಬೇಡಿ. ಎದುರಿಗೆ ಕೂತು ಉಣ್ಣುತ್ತಿರುವವರು, ಒಂದು ಜೀವ ಹೋದ ಮೇಲೆ ಅದರ ಹನಿಯನ್ನೂ ಪೋಲು ಮಾಡದವರ ಮಕ್ಕಳು.